ವೇರ್‌ಆ್ಯಸ್ ಹೀರಾಬಾಯಿ

ಯಡ್ರಾಮಿಯ ರೇವಮ್ಮನ ಮನೆಯಲ್ಲಿ ಸೊಸೆ ಶಿವಕಾಂತಾ ಸೀನಿದರೆ ಅತ್ತ ನರೋಣಾದಲ್ಲಿ ಹೀರಾಬಾಯಿ ಮೂಗು ಒರೆಸಿಕೊಳ್ಳಬೇಕಿತ್ತು. ಸ್ವಲ್ಪ ಹೆಚ್ಚು ಮಾಡಿ ಹೇಳಿದೆ ಅನ್ನಿ, ಆದರೆ ಬಹಳ ಹೆಚ್ಚೇನಲ್ಲ. ಇಬ್ಬರದೂ ಸಾಟಿ ಲಗ್ನ. ನರೋಣಾದ ಗುರುಬಾಯಿ ತನ್ನ ಮಗಳು ಶಿವಕಾಂತಾಳನ್ನು ಯಡ್ರಾಮಿಯ ದೌಲತರಾಯನಿಗೆ ಕೊಟ್ಟಳು. ಅದಕ್ಕೆ ಬದಲಾಗಿ ರೇವಮ್ಮ ತನ್ನ ಮಗಳು, ಅಂದರೆ ದೌಲತರಾಯನ ತಂಗಿ ಹೀರಾಬಾಯಿಯನ್ನು ಶಿವಕಾಂತಾಳ ಅಣ್ಣ ನಾಗಣ್ಣನಿಗೆ ಕೊಟ್ಟಳು. ಒಂದೇ ಹಂದರ, ಒಂದೇ ದಿನ, ಇಬ್ಬರಿಗೂ ಒಂದೇ ಥಾನಿನಿಂದ ಹರಿದ ಕುಪ್ಪಸ. ಸಂಬಂಧ ಕೂಡಿಸಿದ ಹಿರಿಯ ಅಂದು ಎಲೆಯಡಿಕೆ ಜಗಿಯುತ್ತ ಹೇಳಿದ್ದ: ಹುಡುಗಿಯರಿಬ್ಬರೂ ಪಿಯುಸಿ, ಇಬ್ಬರೂ ಫೇಲು, ಫೇಲಾದದ್ದೂ ಇಂಗ್ಲಿಷಿನಲ್ಲೇ, ಇಂಥ ಜೋಡಿ ಹುಡುಕಿದರೂ ಸಿಗುವುದಿಲ್ಲ ಎಂದು. ಎರಡೂ ಕಡೆಯವರು ಅದನ್ನು ಹೊಗಳಿಕೆ ಎಂದೇ ತಿಳಿದರು.

ಸಾಟಿ ಲಗ್ನದ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಅದಕ್ಕೇ ಅದನ್ನು ಮುರಿಯುವುದು ಕಷ್ಟ. ಅಲ್ಲಿ ಸೊಸೆಗೆ ಸೀರೆ ತಂದರೆ ಇಲ್ಲೂ ಸೀರೆ. ಇಲ್ಲಿ ಬೈದರೆ ಅಲ್ಲೂ ಬೈಗುಳ. ಪಂಚಮಿಗೆ ಶಿವಕಾಂತಾ ತವರಿಗೆ ಹೊರಟರೆ ಅದೇ ದಿನ ಹೀರಾಬಾಯಿಯೂ ತನ್ನ ತವರಿಗೆ ಹೊರಡಬೇಕು. ಹೀಗಾಗಿ ಲಗ್ನವಾಗಿ ವರ್ಷಗಳು ಕಳೆದರೂ ಇಬ್ಬರೂ ಒಂದು ಸೂರಿನ ಕೆಳಗೆ ಕೂತು ಒಂದು ಬಟ್ಟಲು ಚಹಾ ಕುಡಿದವರಲ್ಲ. ಒಮ್ಮೆ ಕಲಬುರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿದ್ದರು. ಇಬ್ಬರೂ ಅದೇ ಹಸಿರು ಸೀರೆ ಉಟ್ಟಿದ್ದರು. ನಾಚಿಕೆಯಾಗಿ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಒಂದು ಸಲ ನರೋಣಾದಲ್ಲಿ ನಾಗಣ್ಣ ಹೆಂಡತಿಯ ಕೆನ್ನೆಗೆ ಹೊಡೆದನಂತೆ ಎಂಬ ಸುದ್ದಿ ಬಸ್ಸಿನಲ್ಲಿ ಯಡ್ರಾಮಿಗೆ ಬಂತು. ರೇವಮ್ಮ ಕೂಡಲೇ ಮಗನನ್ನು ಕರೆದು, ನಮ್ಮ ಹುಡುಗಿಗೆ ಬಿದ್ದದ್ದು ಅವರ ಹುಡುಗಿಗೂ ಬೀಳಲಿ ಎಂದು ಅಪ್ಪಣೆ ಕೊಡಿಸಿದಳು. ದೌಲತರಾಯ ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ. ಹೆಂಡತಿಯನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿ, ತನ್ನ ತೊಡೆಯ ಮೇಲೇ ಫಟೀರನೆ ಹೊಡೆದುಕೊಂಡ. ಶಿವಕಾಂತಾ ಹೊರಗೆ ಕೇಳುವಂತೆ ಗೊಳೋ ಎಂದಳು. ರೇವಮ್ಮನಿಗೆ ಸಮಾಧಾನವಾಗಿ ಅಂದು ಹೋಳಿಗೆ ಮಾಡಿಸಿದಳು. ನರೋಣಾದ ಪೆಟ್ಟೂ ಇಂಥದ್ದೇ ಇರಬೇಕು ಎಂದುಕೊಂಡು ಶಿವಕಾಂತಾ ಹೋಳಿಗೆ ತಿಂದಳು.

ಶಿವಕಾಂತಾಳಿಗೆ ಇದ್ದ ಆಸೆ ಒಂದೇ: ಮಾಸ್ತರಣಿಯಾಗುವುದು. ಯಡ್ರಾಮಿಯ ಕನ್ನಡ ಶಾಲೆಯ ಟೀಚರು ದಿನಾ ಬೆಳಿಗ್ಗೆ ಕೊಡೆ ಹಿಡಿದು ಅವರ ಮನೆಯ ಮುಂದೆಯೇ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಕೂತ ಗಂಡಸರು ಬೀಡಿ ಬೆನ್ನ ಹಿಂದೆ ಮುಚ್ಚಿಕೊಂಡು ನಮಸ್ಕಾರ ಅನ್ನುತ್ತಿದ್ದರು. ಶಿವಕಾಂತಾ ದಿನಾ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತಿದ್ದಳು. ಪಿಯುಸಿಯ ಇಂಗ್ಲಿಷ್ ಒಂದು ಪಾಸಾದರೆ ಅಫಜಲಪುರದಲ್ಲಿ ಟಿ.ಸಿ.ಎಚ್., ಅಂದರೆ ಮಾಸ್ತರಿಕೆಯ ತರಬೇತಿ, ಮಾಡಬಹುದು, ಆಮೇಲೆ ಕೊಡೆ, ಆಮೇಲೆ ನಮಸ್ಕಾರ. ಗಂಡನ ಬೆನ್ನು ಬಿದ್ದಳು. ದೌಲತರಾಯ ತಾಯಿಯ ಮುಂದೆ ತೊದಲಿದ. ರೇವಮ್ಮ ಬಹಳ ಹೊತ್ತು ಯೋಚಿಸಿ, ಆಗಲಿ, ಆದರೆ ನಮ್ಮ ಹೀರಾನೂ ಕೂಡಬೇಕು, ಪಾಸಾದರೆ ಇಬ್ಬರೂ, ಮುಂದೆ ಓದಿದರೆ ಇಬ್ಬರೂ ಎಂದಳು. ನರೋಣಾದಿಂದ ಗುರುಬಾಯಿಯೂ ಅದೇ ಮಾತು ಹೇಳಿ ಕಳಿಸಿದಳು. ಬೀಗತಿಯರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯಕ್ಕೆ ಇರಬೇಕು.

ಪಾಠ ಎಲ್ಲಿ ಎಂಬುದಕ್ಕೆ ಮತ್ತೆ ಜಗಳ. ಇವರ ಊರಿಗೆ ಅವರು ಬರುವುದಿಲ್ಲ, ಅವರ ಊರಿಗೆ ಇವರು ಹೋಗುವುದಿಲ್ಲ. ಕೊನೆಗೆ ಗಾಣಗಾಪುರ ಎಂದಾಯಿತು. ಅಲ್ಲಿ ವಿಠ್ಠಲ ಮಾಸ್ತರರೆಂಬ ನಿವೃತ್ತ ಇಂಗ್ಲಿಷ್ ಮಾಸ್ತರರು ಯಾತ್ರಿಕರಿಗಾಗಿ ಲಾಡ್ಜ್ ನಡೆಸುತ್ತಿದ್ದರು. ಹುಣ್ಣಿಮೆ ಅಮಾವಾಸ್ಯೆಗೆ ಬಸ್ಸುಗಳೂ ಹೆಚ್ಚು, ಪಾಠವೂ ಅಂದೇ ಎಂದಾಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ದತ್ತನ ಗುಡಿಯ ಕಡೆ ಏನು ಕೆಲಸ ಎಂದು ರೇವಮ್ಮ ಮೊದಲು ಗೊಣಗಿದಳು. ನಾವು ಹೋಗುವುದು ಇಂಗ್ಲಿಷಿಗಾಗಿ, ದೇವರಿಗಾಗಿ ಅಲ್ಲ ಎಂದು ದೌಲತರಾಯ ವಿವರಿಸಿದ ಮೇಲೆ ಸುಮ್ಮನಾದಳು. ಎರಡನೆಯ ಹುಣ್ಣಿಮೆಗೆ ತಾನೇ ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದಳು.

ವಿಠ್ಠಲ ಮಾಸ್ತರರು ಹುಡುಗಿಯರಿಬ್ಬರನ್ನೂ ಲಾಡ್ಜಿನ ಪಡಸಾಲೆಯಲ್ಲಿ ಕೂರಿಸಿ, ಕರೆತಂದ ಗಂಡಂದಿರನ್ನು ನದಿಯ ಕಡೆ ಓಡಿಸಿ, ಮೊದಲ ದಿನವೇ ಗುಟ್ಟು ಬಿಟ್ಟುಕೊಟ್ಟರು. ಗ್ರಾಮರ್ ದೇವರ ಕೈಯಲ್ಲಿದೆ, ಪ್ರಬಂಧ ನಮ್ಮ ಕೈಯಲ್ಲಿದೆ. ಪೇಪರು ತೆಗೆಯುವವರು ಸೋಮಾರಿಗಳು, ವರ್ಷಾ ವರ್ಷಾ ಒಂದೇ ನಮೂನೆ ಕೇಳುತ್ತಾರೆ: ಕಂಪೇರ್ ಅಂಡ್ ಕಾಂಟ್ರಾಸ್ಟ್. ಹಳ್ಳಿ ಮತ್ತು ಪಟ್ಟಣ, ಎತ್ತು ಮತ್ತು ಟ್ರ್ಯಾಕ್ಟರ್, ರೇಡಿಯೋ ಮತ್ತು ಟಿವಿ. ಹೋಲಿಸುವ ಎರಡು ವಸ್ತು ಒಂದೇ ಜಾತಿಯವು ಇರಬೇಕು, ಎಮ್ಮೆಯನ್ನು ಮಂಗಳವಾರದ ಜೊತೆ ಹೋಲಿಸಿದರೆ ಸೊನ್ನೆ. ಬರೆಯುವ ರೀತಿ ಎರಡು. ಒಂದರ ಕತೆ ಪೂರಾ ಹೇಳಿ ಮುಗಿಸಿ ಆಮೇಲೆ ಇನ್ನೊಂದರದು ಹೇಳುವುದು ಒಂದು ರೀತಿ. ಕೊಂಬಿಗೆ ಕೊಂಬು, ಕೆಚ್ಚಲಿಗೆ ಕೆಚ್ಚಲು ಎದುರಿಗಿಟ್ಟು ನೋಡುತ್ತ ಹೋಗುವುದು ಇನ್ನೊಂದು. ಎಮ್ಮೆ ಮಾರುವವನು ಮೊದಲನೆಯದನ್ನು ಮಾಡುತ್ತಾನೆ, ಎಮ್ಮೆ ಕೊಳ್ಳುವವನು ಎರಡನೆಯದನ್ನು. ನೀವು ಕೊಳ್ಳುವವರ ಹಾಗೆ ಬರೆಯಿರಿ ಎಂದರು. ಸಾಮ್ಯ ಹೇಳುವಾಗ ಸಿಮಿಲರ್ಲಿ, ಭೇದ ಹೇಳುವಾಗ ವೇರ್‌ಆ್ಯಸ್. ಕೊನೆಗೆ ಯಾವುದಾದರೂ ಒಂದು ಕಡೆ ವಾಲಲೇಬೇಕು, ಎರಡೂ ಚೆಂದ ಎಂದು ಬರೆದರೆ ಓದುವವನಿಗೆ ನಿದ್ದೆ ಬರುತ್ತದೆ.

ಇಬ್ಬರೂ ಸಿಮಿಲರ್ಲಿ, ವೇರ್‌ಆ್ಯಸ್ ಎಂದು ತಲೆಯಾಡಿಸುತ್ತ ಬಾಯಿಪಾಠ ಮಾಡತೊಡಗಿದರು. ಗಾಣಗಾಪುರದಲ್ಲಿ ಮೈಮೇಲೆ ಗಾಳಿ ಬಂದವರು ಕೂಗುವುದು ಹೊಸದಲ್ಲ. ಆದರೆ ಈ ಗಾಳಿ ಇಂಗ್ಲಿಷ್ ಮಾತಾಡುತ್ತಿದೆ ಎಂದು ಸೊಲ್ಲಾಪುರದ ಕಡೆಯ ಯಾತ್ರಿಕರ ಗುಂಪೊಂದು ಕಿಟಕಿಯ ಹೊರಗೆ ಕೈಮುಗಿದು ನಿಂತಿತು. ಒಬ್ಬ ಮುದುಕಿ ನಿಂಬೆಹಣ್ಣು ನಿವಾಳಿಸಿ ಒಳಗೆ ಉರುಳಿಸಿದಳು. ಮಾಸ್ತರರ ಹೆಂಡತಿ ಅದರಿಂದ ಶರಬತ್ತು ಮಾಡಿದಳು.

ಮೂರನೆಯ ಪಾಠದ ದಿನ ಮಾಸ್ತರರು, ನಿಮಗೆ ಗೊತ್ತಿರುವ ಯಾವುದಾದರೂ ಎರಡು ಮನೆಗಳ ಮೇಲೆ ಬರೆಯಿರಿ ಎಂದು ಹೇಳಿ, ಲಾಡ್ಜಿನ ನಲ್ಲಿ ರಿಪೇರಿಗೆ ಹೋದರು. ಇಬ್ಬರೇ ಉಳಿದರು. ಅಷ್ಟರವರೆಗೆ ಇಬ್ಬರ ನಡುವೆ ಹೌದ್ರಿ ಇಲ್ರಿ ಬಿಟ್ಟು ಮಾತಿರಲಿಲ್ಲ. ನಿಜ ಹೇಳಬೇಕೆಂದರೆ ಶಿವಕಾಂತಾಳಿಗೆ ಹೀರಾಬಾಯಿಯ ಮೇಲೆ ಸಿಟ್ಟಿತ್ತು. ಬೆಳಗಿನ ನಾಲ್ಕಕ್ಕೆ ಏಳಿಸುವಾಗಲೆಲ್ಲ ರೇವಮ್ಮ, ನನ್ನ ಮಗಳು ನಿಮ್ಮ ಮನೆಯಲ್ಲಿ ನಾಲ್ಕಕ್ಕೇ ಎದ್ದು ಕಸ ಹೊಡೆಯುತ್ತಾಳೆ ಎನ್ನುತ್ತಿದ್ದಳು. ಅಷ್ಟು ಬೇಗ ಎದ್ದು ಇನ್ನೊಬ್ಬಳ ನಿದ್ದೆ ಹಾಳು ಮಾಡುವ ಈ ಹೆಂಗಸು ಎಂಥವಳಿರಬೇಕು?

ಮನೆಗಳೆಂದರೆ ಅವರಿಗೆ ಗೊತ್ತಿದ್ದವು ಅವೆರಡೇ. ಶಿವಕಾಂತಾ ಮೊದಲ ಸಾಲು ಓದಿದಳು: ಯಡ್ರಾಮಿಯ ಮನೆಯಲ್ಲಿ ಸೊಸೆ ನಾಲ್ಕಕ್ಕೆ ಏಳುತ್ತಾಳೆ. ಹೀರಾಬಾಯಿ, ಸಿಮಿಲರ್ಲಿ ನರೋಣಾದಲ್ಲೂ ನಾಲ್ಕಕ್ಕೇ ಏಳುತ್ತಾಳೆ ಎಂದು ಓದಿ ಪೆನ್ನು ಕೆಳಗಿಟ್ಟಳು.

"ನೀ ಯಾಕ ನಾಕಕ್ಕ ಏಳ್ತಿ?" ಎಂದು ಕೇಳಿದಳು.

"ನೀ ಏಳ್ತಿಯಂತಲ್ಲ, ಅದಕ್ಕ."

"ನಾ ಏಳೋದು ನೀ ಏಳ್ತಿಯಂತ."

ಇಬ್ಬರೂ ತಮ್ಮ ತಮ್ಮ ಹಾಳೆಯನ್ನು ಇನ್ನೊಬ್ಬಳ ಕಡೆ ತಿರುಗಿಸಿದರು. ಆಮೇಲೆ ಕೊಂಬಿಗೆ ಕೊಂಬು, ಕೆಚ್ಚಲಿಗೆ ಕೆಚ್ಚಲು ಎದುರಿಗಿಡುತ್ತ ಹೋದರು. ಇವಳು ಎಲ್ಲರ ಊಟವಾದ ಮೇಲೆ ತಣ್ಣನೆಯ ರೊಟ್ಟಿ ತಿನ್ನುವುದು ಅವಳು ತಿನ್ನುತ್ತಾಳೆಂದು. ಅವಳು ಮಧ್ಯಾಹ್ನ ಮಲಗದಿರುವುದು ಇವಳು ಮಲಗುವುದಿಲ್ಲವೆಂದು. ಬೀಗತಿಯರಿಬ್ಬರೂ ಒಬ್ಬಳ ಹೆಸರು ಹೇಳಿ ಇನ್ನೊಬ್ಬಳನ್ನು ದುಡಿಸಿಕೊಂಡಿದ್ದರು. ಇಬ್ಬರನ್ನೂ ಎದುರು ಬದುರು ಕೂರಿಸಿ ಯಾರೂ ನೋಡಿರಲಿಲ್ಲ, ಅವರೂ ನೋಡಿಕೊಂಡಿರಲಿಲ್ಲ. ಶಿವಕಾಂತಾಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗುತ್ತ ನಗುತ್ತ ಅವಳು ಗಂಡ ಒಳಕೋಣೆಯಲ್ಲಿ ತೊಡೆಗೆ ಹೊಡೆದುಕೊಂಡ ಪ್ರಸಂಗವನ್ನೂ ಹೇಳಿ, ನಮ್ಮ ಅಣ್ಣ ಏನನ್ನು ಹೊಡೆದ, ಗೋಡೆಯನ್ನೋ ದಿಂಬನ್ನೋ ಎಂದು ಕೇಳಿದಳು.

ಹೀರಾಬಾಯಿ ನಗಲಿಲ್ಲ. "ನಿಮ್ಮ ಅಣ್ಣ ಖರೇನ ಹೊಡೀತಾನ," ಎಂದಳು. "ಒಮ್ಮೆ ಅಲ್ಲ."

ಶಿವಕಾಂತಾಳ ಮುಖ ಸುಟ್ಟಂತಾಯಿತು. ನಾಗಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ ಅಣ್ಣ. ಹೀರಾಬಾಯಿ ಅಳಲೂ ಇಲ್ಲ, ದೂರಲೂ ಇಲ್ಲ, ಹಾಳೆಯ ಮೇಲೆ ವೇರ್‌ಆ್ಯಸ್ ಎಂದು ಬರೆದು ಮುಂದೆ ಏನು ಬರೆಯಬೇಕೆಂದು ಕೇಳಿದಳು. ತನಗೂ ಪಾಸಾಗಬೇಕಾಗಿದೆ, ವರ್ಷಕ್ಕೆ ಕೆಲವು ತಿಂಗಳಾದರೂ ಆ ಮನೆಯಿಂದ ದೂರ ಅಫಜಲಪುರದಲ್ಲಿ ಇರಬೇಕಾಗಿದೆ ಎಂದಳು. ಅಲ್ಲಿಯವರೆಗೆ ಓದಿನ ಆಸೆ ತನ್ನೊಬ್ಬಳದು, ಇವಳು ಲೆಕ್ಕ ಸರಿಮಾಡಲು ಬಂದವಳು ಎಂದೇ ಶಿವಕಾಂತಾ ತಿಳಿದಿದ್ದಳು. ಅಂದು ಅವಳಿಗೆ ತನ್ನ ಮೇಲೆ ಬಹಳ ಬೇಜಾರಾಯಿತು.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಬ್ಬರೂ ಸುಳ್ಳುಗಳ ವ್ಯಾಪಾರ ಶುರುಮಾಡಿದರು. ಯಡ್ರಾಮಿಯಲ್ಲಿ ನನ್ನ ಅತ್ತಿಗೆಯನ್ನು ಸೂರ್ಯ ಹುಟ್ಟುವವರೆಗೆ ಏಳಿಸುವುದಿಲ್ಲವಂತೆ ಎಂದು ಹೀರಾಬಾಯಿ ನರೋಣಾದಲ್ಲಿ ಹೇಳಿದಳು. ನರೋಣಾದಲ್ಲಿ ನನ್ನ ಅತ್ತಿಗೆಗೆ ಎದ್ದ ಕೂಡಲೇ ಚಹಾ ಸಿಗುತ್ತದಂತೆ ಎಂದು ಶಿವಕಾಂತಾ ಯಡ್ರಾಮಿಯಲ್ಲಿ ಹೇಳಿದಳು. ಸಾಟಿ ತಪ್ಪಿದರೆ ಮರ್ಯಾದೆ ಹೋಗುತ್ತದೆಂದು ಬೀಗತಿಯರಿಬ್ಬರೂ ಹಲ್ಲು ಕಡಿಯುತ್ತ ಧಾರಾಳಿಗಳಾದರು. ಶಿವರಾತ್ರಿ ಬರುವಷ್ಟರಲ್ಲಿ ಇಬ್ಬರಿಗೂ ಬಿಸಿ ರೊಟ್ಟಿ, ಮಧ್ಯಾಹ್ನದ ನಿದ್ದೆ, ಜೇವರ್ಗಿಯಲ್ಲೊಂದು ಆಳಂದದಲ್ಲೊಂದು ಸಿನಿಮಾ ಎಲ್ಲ ದಕ್ಕಿದವು. ನಾಗಣ್ಣನ ಕೈ ಮಾತ್ರ ಯಾವ ಸುಳ್ಳಿಗೂ ಬಗ್ಗಲಿಲ್ಲ. ಅಲ್ಲಿ ಅವರು ಹೊಡೆಯುವುದೇ ಇಲ್ಲವಂತೆ ಎಂದು ಹೀರಾಬಾಯಿ ಹೇಳಿದರೆ, ಅವನು ಹೆಂಗಸರ ಹಾಗೆ, ನಾನೇನು ಅವನಂತೆಯೇ ಎಂದು ಮತ್ತೊಂದು ಬಿಟ್ಟನಂತೆ.

ಪರೀಕ್ಷೆ ಬಂತು. ಇಬ್ಬರೂ ಮೊದಲು ಓದಿದ ಕಾಲೇಜಿನಲ್ಲೇ ಕೂಡಬೇಕಾದ್ದರಿಂದ ಶಿವಕಾಂತಾ ತವರಿಗೆ ಬಂದು ಆಳಂದದಲ್ಲಿ ಬರೆದಳು, ಹೀರಾಬಾಯಿ ತನ್ನ ತವರಿಗೆ ಹೋಗಿ ಜೇವರ್ಗಿಯಲ್ಲಿ ಬರೆದಳು. ಪೇಪರಿನಲ್ಲಿ ಮಾಸ್ತರರು ಹೇಳಿದ ಹಾಗೆಯೇ ಹಳ್ಳಿ ಮತ್ತು ಪಟ್ಟಣ ಬಂದಿತ್ತು. ಶಿವಕಾಂತಾ ಪ್ರಬಂಧವನ್ನೇ ಮೊದಲು ಹಿಡಿದಳು. ಹಳ್ಳಿಯಲ್ಲಿ ಗಾಳಿ ಶುದ್ಧ ಎಂದು ಬರೆದಳು. ಹಳ್ಳಿಯಲ್ಲಿ ಮನೆಗಳಿವೆ ಎಂದು ಬರೆದಳು. ಮನೆ ಎಂಬ ಮಾತು ಬಂದದ್ದೇ ತಡ, ಪೆನ್ನು ಅವಳ ಕೈ ಬಿಟ್ಟು ಓಡಿತು. ಒಂದು ಮನೆಯಲ್ಲಿ ಗಂಡ ತನ್ನ ತೊಡೆಗೆ ಹೊಡೆದುಕೊಳ್ಳುತ್ತಾನೆ, ವೇರ್‌ಆ್ಯಸ್ ಇನ್ನೊಂದರಲ್ಲಿ. ಒಬ್ಬಳು ಸುಳ್ಳು ಅತ್ತು ಹೋಳಿಗೆ ತಿಂದಳು, ವೇರ್‌ಆ್ಯಸ್ ಇನ್ನೊಬ್ಬಳು. ಅಡಿಷನಲ್ ಹಾಳೆ ಕೇಳಿದಳು, ಮತ್ತೆ ಕೇಳಿದಳು. ಅಷ್ಟು ಇಂಗ್ಲಿಷ್ ತನ್ನೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಸ್ಪೆಲ್ಲಿಂಗುಗಳು ಕಾಲು ಮುರಿದುಕೊಂಡು ಬಿದ್ದಿದ್ದವು, ಆದರೆ ಹೇಳುವುದನ್ನೆಲ್ಲ ಹೇಳಿದವು. ಕೊನೆಗೆ ಮಾಸ್ತರರು ಹೇಳಿದ ಹಾಗೆ ಒಂದು ಕಡೆ ವಾಲಿದಳು: ನನ್ನ ಅಣ್ಣನದು ತಪ್ಪು ಎಂದು ಬರೆದು ಫುಲ್‌ಸ್ಟಾಪ್ ಇಟ್ಟಾಗ ಗಂಟೆ ಹೊಡೆಯಿತು. ಗ್ರಾಮರ್, ಪದ್ಯ, ಪತ್ರ, ಎಲ್ಲವೂ ಪ್ರಶ್ನೆಪತ್ರಿಕೆಯಲ್ಲೇ ಉಳಿದಿದ್ದವು.

ರಿಸಲ್ಟು ಬಂದಾಗ ಹೀರಾಬಾಯಿ ಪಾಸು, ಶಿವಕಾಂತಾ ಫೇಲು.

ಯಡ್ರಾಮಿಯಲ್ಲಿ ರೇವಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಸೊಸೆಯ ಕೈಯಲ್ಲೇ ಹಂಚಿಸಿದಳು. ಎಲ್ಲರ ಅಂಗೈಗೂ ಸಕ್ಕರೆ ಹಾಕುತ್ತ ಶಿವಕಾಂತಾ ನಗುಮುಖ ಇಟ್ಟುಕೊಂಡಿದ್ದಳು, ಒಳಗೆ ಕುದಿಯುತ್ತಿದ್ದಳು. ಆಸೆ ಪಟ್ಟವಳು ನಾನು, ಗಂಡನ ಕಾಲು ಹಿಡಿದವಳು ನಾನು, ಪಾಸಾದವಳು ಅವಳು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಬೇಡ.

ಆಷಾಢದಲ್ಲಿ ಇನ್ನೊಂದು ಸುದ್ದಿ ಬಂತು. ಹೀರಾಬಾಯಿಗೆ ಅಫಜಲಪುರದಲ್ಲಿ ಟಿ.ಸಿ.ಎಚ್. ಸೀಟು ಸಿಕ್ಕಿದೆ, ಆದರೆ ಗುರುಬಾಯಿ ಕಳಿಸುವುದಿಲ್ಲ ಎಂದು ಕೂತಿದ್ದಾಳೆ. ನನ್ನ ಮಗಳು ಮನೆಯಲ್ಲಿ ಕೂತಿರುವಾಗ ಸೊಸೆ ಮಾಸ್ತರಣಿಯಾಗುವುದೇ, ಮಾತು ಆಡಿದ್ದು ಇಬ್ಬರೂ ಎಂದೇ ಅಲ್ಲವೇ ಎಂಬುದು ಅವಳ ವಾದ. ನಾಗಣ್ಣ ಅದಕ್ಕೆ ತಾಳ ಹಾಕುತ್ತಿದ್ದ. ಸೇರಲು ಒಂದೇ ವಾರ ಉಳಿದಿತ್ತು. ರೇವಮ್ಮನಿಗೆ ಮಗಳ ಸೀಟು ಹೋಗುತ್ತದೆಂದು ಕೆಂಡದಂಥ ಸಿಟ್ಟು, ಆದರೆ ಕಾನೂನು ತಾನೇ ಮಾಡಿದ್ದು, ಬಾಯಿ ಬಿಡುವಂತಿಲ್ಲ. ಕೋಪವನ್ನೆಲ್ಲ ಸೊಸೆಯ ತಾಟಿಗೆ ತಣ್ಣನೆಯ ರೊಟ್ಟಿ ಹಾಕಿ ತೀರಿಸಿಕೊಂಡಳು.

ಸುದ್ದಿ ಕೇಳಿದಾಗ ಶಿವಕಾಂತಾಳಿಗೆ ಮೊದಲು ಆದದ್ದು ಸಂತೋಷ. ಅವ್ವ ನನ್ನ ಪರವಾಗಿ ನಿಂತಳು, ಇನ್ನು ಅವಳೂ ಕೂರುತ್ತಾಳೆ, ನಾನೂ ಕೂರುತ್ತೇನೆ, ಎರಡೂ ಸರಿ. ಹಿಟ್ಟು ನಾದುತ್ತ ಆ ಸಂತೋಷವನ್ನು ಸ್ವಲ್ಪ ಹೊತ್ತು ಸವಿದಳು. ಆಮೇಲೆ, ಸರಿ ಎಂದರೆ ಏನು ಸರಿ ಎಂದು ತಾನೇ ಕೇಳಿಕೊಂಡಳು. ಅವಳು ಕೂರುವ ಮನೆಯಲ್ಲಿ ನಾಗಣ್ಣನ ಕೈ ಇದೆ. ತಾನು ಕೂರುವ ಮನೆಯಲ್ಲಿ ದೌಲತರಾಯನ ತೊಡೆ ಇದೆ. ನಾದಿದ ಹಿಟ್ಟು ಪರಾತದಲ್ಲೇ ಬಿಟ್ಟು ಕೈ ತೊಳೆದಳು.

ನರೋಣಾಕ್ಕೆ ಹೋಗಿ ಬರುತ್ತೇನೆ ಎಂದಾಗ ದೌಲತರಾಯ ಗಾಬರಿಯಾದ. ನೀನು ಹೋದರೆ ಅದೇ ದಿನ ಹೀರಾಳನ್ನು ಇಲ್ಲಿಗೆ ಕರೆತರಬೇಕಾಗುತ್ತದೆ, ಅವ್ವನಿಗೆ ಏನು ಹೇಳಲಿ ಎಂದ. ಏನೂ ಹೇಳಬೇಡಿ ಎಂದಳು. ಅವನು ಏನೂ ಹೇಳದೆ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಬಂದು ಸೀಟು ಹಿಡಿದು ಕೊಟ್ಟ. ಏನೂ ಹೇಳದಿರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ನರೋಣಾದ ಮನೆಯ ಹೊಸ್ತಿಲಲ್ಲಿ ಮಗಳನ್ನು ಕಂಡು ಗುರುಬಾಯಿ ಸಂತೋಷಪಡಲಿಲ್ಲ, ದಂಗಾದಳು. ಒಲೆಯ ಮುಂದೆ ಹೀರಾಬಾಯಿ ಕೂತಿದ್ದಳು. ಸೊಸೆ ಒಳಗೆ ಇರುವಾಗ ಮಗಳು ಬಂದದ್ದು ಹಿಂದೆಂದೂ ಇಲ್ಲ. ಗುರುಬಾಯಿ ಹೋಗಿ ಟ್ರಂಕು ತೆರೆದು ಸೊಸೆಯ ಸೀರೆ ತುರುಕತೊಡಗಿದಳು, ಸಂಜೆಯ ಬಸ್ಸಿಗೆ ಇವಳನ್ನು ಯಡ್ರಾಮಿಗೆ ಬಿಟ್ಟು ಬಾ ಎಂದು ನಾಗಣ್ಣನಿಗೆ ಕೂಗಿದಳು. ಶಿವಕಾಂತಾ ಚಪ್ಪಲಿ ಬಿಚ್ಚಿ ಒಳಗೆ ಬಂದು ಟ್ರಂಕಿನ ಮುಚ್ಚಳದ ಮೇಲೆ ಕೈ ಇಟ್ಟಳು. ಅವಳು ಹೋಗುವುದಾದರೆ ಅಫಜಲಪುರಕ್ಕೆ ಹೋಗುತ್ತಾಳೆ, ಯಡ್ರಾಮಿಗಲ್ಲ ಎಂದಳು. ಗುರುಬಾಯಿಗೆ ಕಣ್ಣೀರು ಬಂತು. ನಿನ್ನ ಸಲುವಾಗಿ ಇಷ್ಟು ಜಗಳ ಹೂಡಿ ಕೂತಿದ್ದೇನೆ, ನಿನ್ನ ಸಾಟಿಗೆ ಸಾಟಿ ಇರಬೇಕೆಂದು, ಈಗ ನೀನೇ ಹೀಗಂದರೆ ಹೇಗೆ ಎಂದಳು. ಅದು ಸುಳ್ಳಾಗಿರಲಿಲ್ಲ, ಅವಳಿಗೆ ಗೊತ್ತಿದ್ದ ಪ್ರೀತಿ ಅದೊಂದೇ ಥರದ್ದು.

"ಅವ್ವ, ಅಕಿ ಪಾಸಾಗ್ಯಾಳ, ನಾ ಫೇಲಾಗೇನಿ," ಎಂದಳು ಶಿವಕಾಂತಾ. "ನನ್ನ ಗಂಡ ನನಗ ಒಂದಿನಾನೂ ಕೈ ಹಚ್ಚಿಲ್ಲ. ನಿನ್ನ ಮಗ ಅಕಿಗಿ ಹೊಡೀತಾನ. ನಾವಿಬ್ಬರೂ ಒಂದೇ ಅಲ್ಲ ಬೇ."

ಗುರುಬಾಯಿ ಟ್ರಂಕಿನಿಂದ ಕೈ ತೆಗೆದಳು. ನಾಗಣ್ಣ ಬಾಗಿಲಲ್ಲಿ ನಿಂತಿದ್ದ. ಯಡ್ರಾಮಿಯಲ್ಲೂ ಒಮ್ಮೆ ಹೊಡೆದಿದ್ದಾರೆ, ಆದ್ದರಿಂದ ಲೆಕ್ಕ ಚುಕ್ತಾ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದವನು. ತಂಗಿ ಅವನ ಕಡೆ ತಿರುಗಿ, ಅಂದು ಒಳಕೋಣೆಯಲ್ಲಿ ಆದದ್ದೇನೆಂದು ಒಂದೊಂದಾಗಿ ಹೇಳಿದಳು. ಅವನು ಅಂಗಳಕ್ಕೆ ಇಳಿದು ಹೋದ. ಪಶ್ಚಾತ್ತಾಪ ಪಟ್ಟನೆಂದು ನಾನು ಹೇಳಲಾರೆ, ಅಷ್ಟು ಬೇಗ ಅಂಥದ್ದೆಲ್ಲ ಆಗುವುದಿಲ್ಲ. ಆದರೆ ಮರುದಿನ ಬಸ್ಸಿಗೆ ಅಡ್ಡ ಬರಲಿಲ್ಲ.

ಹೀರಾಬಾಯಿಯನ್ನು ಬಸ್ಸು ಹತ್ತಿಸಲು ಶಿವಕಾಂತಾ ಒಬ್ಬಳೇ ಹೋದಳು. ಹೀರಾಬಾಯಿ ಕಿಟಕಿಯಿಂದ ಕೈ ಚಾಚಿ ಇವಳ ಕೈ ಹಿಡಿದು, ಬಸ್ಸು ಹೊರಟ ಮೇಲೂ ಸ್ವಲ್ಪ ದೂರ ಬಿಡಲಿಲ್ಲ. ಬಸ್ಸಿನ ಧೂಳು ಕುಡಿಯುತ್ತ ನಿಂತ ಶಿವಕಾಂತಾಳ ಹೊಟ್ಟೆಕಿಚ್ಚು ಇನ್ನೂ ಹಾಗೆಯೇ ಉರಿಯುತ್ತಿತ್ತು. ಆ ಸೀಟಿನಲ್ಲಿ ತಾನು ಕೂರಬೇಕಾಗಿತ್ತು ಎಂಬುದು ಅವಳಿಗೆ ಮನೆ ಮುಟ್ಟುವವರೆಗೂ ಅನಿಸುತ್ತಲೇ ಇತ್ತು.

ಗುರುಬಾಯಿ ಜಗಲಿಯ ಮೇಲೆ ಕಾಯುತ್ತಿದ್ದಳು. ರಾತ್ರಿಯಿಡೀ ಅವಳ ತಲೆಯಲ್ಲಿ ಅದೇ ಕೊರೆಯುತ್ತಿದ್ದಿರಬೇಕು. ಸೊಸೆಗೆ ಇಷ್ಟು ದೊಡ್ಡದು ಸಿಕ್ಕಿತು, ಮಗಳ ಕೈ ಖಾಲಿ. ಏನಾದರೂ ಕೊಟ್ಟು ಸರಿದೂಗಿಸದಿದ್ದರೆ ಅವಳಿಗೆ ಅನ್ನ ಇಳಿಯುವಂತಿರಲಿಲ್ಲ.

"ಅಕಿಗಿ ಅದು ಸಿಕ್ತು. ಅದರ ಬದಲಿ ನಿನಗೇನು ಬೇಕು ಹೇಳು," ಎಂದಳು.

"ಏನೂ ಬ್ಯಾಡ," ಎಂದಳು ಶಿವಕಾಂತಾ. "ಅಕ್ಟೋಬರದಾಗ ಪರೀಕ್ಷಾ ಅದ. ಅದು ನಂದೊಬ್ಬಾಕಿದು."

ಗುರುಬಾಯಿಗೆ ಅದು ಅರ್ಥವಾಯಿತೋ ಇಲ್ಲವೋ. ಮಗಳು ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ, ರೊಟ್ಟಿ ಬಡಿಯಲು ಒಳಗೆ ಹೋದಳು.